ಕ್ಯಾಸಲ್‌ರಾಕ್ ಎಲ್ಲಿದೆ? ಊರು, ಲೇಖನ, ನಕ್ಷೆ ಮತ್ತು ನಡುವಿನ ಕೊಂಡಿ

ಕ್ಯಾಸಲ್‌ರಾಕ್ ಎಂಬ ಹೆಸರಿನ ಜಾಗಗಳು ಜಗತ್ತಿನಲ್ಲಿ ಹಲವು. ಅಮೆರಿಕದ ಕೊಲರಾಡೊ ರಾಜ್ಯದ ಡಗ್ಲಸ್ ಕೌಂಟಿಯ ಆಡಳಿತ ಕೇಂದ್ರಕ್ಕೆ ಅದೇ ಹೆಸರು. ವಾಷಿಂಗ್ಟನ್ ರಾಜ್ಯದಲ್ಲಿ ಇನ್ನೊಂದಿದೆ. ಎಡಿನ್‌ಬರೋ ಕೋಟೆ ನಿಂತಿರುವ ಬಂಡೆಯನ್ನೂ ಹಾಗೆಯೇ ಕರೆಯುತ್ತಾರೆ. ಸ್ಟೀಫನ್ ಕಿಂಗ್ ತನ್ನ ಕಾದಂಬರಿಗಳಿಗೆಂದು ಇಲ್ಲದ ಒಂದು ಊರನ್ನು ಕಟ್ಟಿ ಅದಕ್ಕೂ ಈ ಹೆಸರನ್ನೇ ಇಟ್ಟ. ಇವೆಲ್ಲದರ ನಡುವೆ ನಮ್ಮದೊಂದಿದೆ: ಉತ್ತರ ಕನ್ನಡದ ಜೋಯಿಡಾ ತಾಲೂಕಿನಲ್ಲಿ, ಗೋವೆಯ ಗಡಿಗೆ ಅಂಟಿಕೊಂಡಂತಿರುವ, ಘಟ್ಟ ಇಳಿಯುವ ಮೊದಲು ರೈಲು ನಿಲ್ಲುವ ಕ್ಯಾಸಲ್‌ರಾಕ್.

ಹುಬ್ಬಳ್ಳಿಯಿಂದ ವಾಸ್ಕೋಗೆ ಹೊರಟವರಿಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ. ಲೋಂಡಾ ಆಯಿತು, ತಿನೈಘಾಟ್ ಆಯಿತು, ಮುಂದೆ ಗಾಡಿ ನಿಂತದ್ದು ಕ್ಯಾಸಲ್‌ರಾಕ್. ಕಂಪ್ಯೂಟರಿಗೆ ಈ ದಾರಿಯ ಅರಿವಿಲ್ಲ. ಅದಕ್ಕೆ ಅಕ್ಷಾಂಶ, ರೇಖಾಂಶ ಎಂಬ ಎರಡು ಅಂಕಿ ಬೇಕು. ಅದರ ಜೊತೆಗೆ, ಒಂದು ಲೇಖನ ಹೇಳುತ್ತಿರುವ ಊರೂ ನಕ್ಷೆಯ ಮೇಲಿನ ಚುಕ್ಕೆಯೂ ಒಂದೇ ಎಂದು ತಿಳಿದವರು ಕೊಟ್ಟ ಮಾತು ಬೇಕು. ಕಳೆದ ಇಪ್ಪತ್ತು ವರ್ಷಗಳಲ್ಲಿ ಅಂತರಜಾಲಕ್ಕೆ ಕನ್ನಡದ ಲೇಖನಗಳು ಬಂದವು, ಕೈಯೊಳಗಿನ ಫೋನಿಗೆ ನಕ್ಷೆಗಳೂ ಬಂದವು. ಹಿಂದೆ ಬಿದ್ದಿರುವುದು ಈ ಮಾತು, ಅಂದರೆ ಎರಡನ್ನೂ ಬೆಸೆಯುವ ಕೊಂಡಿ. ಅದನ್ನು ಹಾಕಬೇಕಾದವರು ಆ ಊರನ್ನು ಬಲ್ಲವರೇ ಹೊರತು ಬೇರೆ ಯಾರೂ ಅಲ್ಲ ಎಂಬುದು ನನ್ನ ಖಚಿತ ನಿಲುವು.

ಊರನ್ನೂ ನಕ್ಷೆಯನ್ನೂ ಜೋಡಿಸುವ ಆಸೆ ಅಂತರಜಾಲಕ್ಕಿಂತ ಬಹಳ ಹಳೆಯದು. 1883ರಲ್ಲಿ ಪ್ರಕಟವಾದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ 15ನೇ ಸಂಪುಟ ಕೆನರಾ ಜಿಲ್ಲೆಯದು. ಅದರಲ್ಲಿ ಊರುಗಳ ಪರಿಚಯ ಅಕಾರಾದಿಯಾಗಿ ಬರುತ್ತದೆ, ಮುಖ್ಯ ಊರುಗಳಿಗೆ ಅಕ್ಷಾಂಶ ರೇಖಾಂಶವೂ ಇದೆ. ಕ್ಯಾಸಲ್‌ರಾಕ್‌ಗೆ ರೈಲು ಬಂದದ್ದು ಆಮೇಲೆ, ಅದೇ ದಶಕದ ಕೊನೆಯಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವೂ ಊರಿನ ಲೇಖನಗಳಲ್ಲಿ 'ಉ.ಅ.', 'ಪೂ.ರೇ.' ಎಂದು ಸ್ಥಾನ ಹೇಳುವ ರೂಢಿ ಇಟ್ಟುಕೊಂಡಿತ್ತು. 14 ಸಂಪುಟಗಳ ಆ ಮಹಾಕಾರ್ಯದ ಮೊದಲ ಸಂಪುಟ ಬಂದದ್ದು 1969ರಲ್ಲಿ. ಅದರ ಆರು ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟದ್ದು ಕನ್ನಡದ ಮಟ್ಟಿಗೆ ದೊಡ್ಡ ಔದಾರ್ಯ. ಆದರೆ ವಾಕ್ಯದ ಒಳಗೆ ಕೂತ 'ಉ.ಅ.' ಮನುಷ್ಯರಿಗೆ ಓದಲು ಸಿಗುತ್ತದೆಯೇ ವಿನಾ ನಕ್ಷೆಗೆ ಸಿಗುವುದಿಲ್ಲ. ಅದನ್ನು ವಾಕ್ಯದಿಂದ ಹೊರತೆಗೆದು ಅದರದೇ ಖಾನೆಯಲ್ಲಿ ಇಡುವ ತನಕ ಲೇಖನ ಊರಿಲ್ಲದ ಲೇಖನವೇ.

ಆ ಖಾನೆಯನ್ನು ಮೊದಲು ಒದಗಿಸಿದ್ದು ವಿಕಿಪೀಡಿಯದ ಸ್ಥಾನಸೂಚಕ ಟೆಂಪ್ಲೇಟು. ಲೇಖನದ ಮೇಲಿನ ಅಂಕಿ ಒತ್ತಿದರೆ ಜಿಯೋಹ್ಯಾಕ್ ಎಂಬ ಪುಟ ತೆರೆದು, ಆ ಜಾಗವನ್ನು ತೋರಿಸುವ ಹತ್ತಾರು ನಕ್ಷೆಗಳ ಕೊಂಡಿ ಕೊಡುತ್ತದೆ. 2006ರ ಕೊನೆಗೆ ಗೂಗಲ್ ಅರ್ಥ್ ತನ್ನ ಭೂಗೋಳದ ಮೇಲೆಯೇ ವಿಕಿಪೀಡಿಯದ ಲೇಖನಗಳನ್ನು ತೋರಿಸತೊಡಗಿತು. ಅಷ್ಟರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲೇ ಹುಟ್ಟಿತ್ತು. ಜನರೇ ಬರೆದು ಜನರೇ ತಿದ್ದುವ ಈ ನಕ್ಷೆಯಲ್ಲಿ ಒಂದೊಂದು ಊರಿಗೂ ಕನ್ನಡದ ಹೆಸರು, ಹಳೆಯ ಹೆಸರು, ಬಳಕೆಯ ಇನ್ನೊಂದು ಹೆಸರು ಎಂದು ಬೇರೆಬೇರೆ ಜಾಗ ಇದೆ. 2012ರಲ್ಲಿ ವಿಕಿಡೇಟಾ ಎಂಬ ಮುಕ್ತ ದತ್ತಾಂಶ ಭಂಡಾರ ಬಂತು. ಅಲ್ಲಿ ಪ್ರತಿಯೊಂದು ವಸ್ತುವಿಗೂ 'ಕ್ಯೂ' ಎಂದು ಶುರುವಾಗುವ ಒಂದು ಸಂಖ್ಯೆ. ಕರ್ನಾಟಕಕ್ಕೆ ಕ್ಯೂ 1185, ಬೆಂಗಳೂರಿಗೆ ಕ್ಯೂ 1355. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ ಬ್ಯಾಂಗಲೋರ್ ಬೆಂಗಳೂರಾಯಿತು, ಹುಬ್ಲಿ ಹುಬ್ಬಳ್ಳಿಯಾಯಿತು, ಬೆಲ್ಗಾಂ ಬೆಳಗಾವಿಯಾಯಿತು. ಸಂಖ್ಯೆಗಳು ಮಾತ್ರ ಅಲುಗಲಿಲ್ಲ. ಹೆಸರು ಎಷ್ಟಾದರೂ ಬದಲಾಗಲಿ, ಕನ್ನಡದ ಲೇಖನ, ಕೊಂಕಣಿಯ ಲೇಖನ, ನಕ್ಷೆಯ ಚುಕ್ಕೆ ಎಲ್ಲವೂ ಅದೇ ಸಂಖ್ಯೆಗೆ ಕಟ್ಟಿಕೊಂಡಿದ್ದರೆ ಕೊಂಡಿ ಕಡಿಯುವುದಿಲ್ಲ. ಈ ಒಂದು ಏರ್ಪಾಡು ಹಿಂದಿನ ಎಲ್ಲ ಪ್ರಯತ್ನಗಳಿಗಿಂತ ಗಟ್ಟಿಯಾದದ್ದು ಎಂದು ಯಾವ ಸಂಕೋಚವೂ ಇಲ್ಲದೆ ಹೇಳಬಹುದು.

ಏರ್ಪಾಡು ಗಟ್ಟಿ, ತುಂಬುವ ಅಂಕಿ ನಾಜೂಕು. ಕ್ಯಾಸಲ್‌ರಾಕ್ ಹೆಚ್ಚುಕಡಿಮೆ 15 ಡಿಗ್ರಿ 24 ನಿಮಿಷ ಉತ್ತರ, 74 ಡಿಗ್ರಿ 20 ನಿಮಿಷ ಪೂರ್ವದಲ್ಲಿದೆ. ಇದನ್ನು ದಶಾಂಶಕ್ಕೆ ತಂದರೆ 15.40, 74.33. ಅವಸರದಲ್ಲಿ ಯಾರಾದರೂ ನಿಮಿಷವನ್ನೇ ದಶಾಂಶವೆಂದು ತಿಳಿದು 15.24, 74.20 ಎಂದು ತುಂಬಿದರೆ ಊರು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ನೈಋತ್ಯಕ್ಕೆ ಸರಿದು ಗೋವೆಯ ಸಾಂಗೆ ತಾಲೂಕಿನೊಳಗೆ ಹೋಗಿ ಕೂರುತ್ತದೆ. ಎರಡು ಅಂಕಿಗಳನ್ನು ಅದಲುಬದಲು ಮಾಡಿದರೆ ನಾರ್ವೆಗೂ ಸ್ವಾಲ್ಬಾರ್ಡ್ ದ್ವೀಪಗಳಿಗೂ ನಡುವಿನ ಹಿಮಗಡಲಿಗೆ ಬೀಳುತ್ತದೆ. ಪೂರ್ವದ ಬದಲು ಪಶ್ಚಿಮ ಎಂದು ಬರೆದರೆ ಕೆರಿಬಿಯನ್ ಸಮುದ್ರ. ಸಮುದ್ರಕ್ಕೆ ಬಿದ್ದ ಊರನ್ನು ಯಾರಾದರೂ ನೋಡಿ ಎತ್ತುತ್ತಾರೆ. ಪಕ್ಕದ ತಾಲೂಕಿಗೆ ಸರಿದ ಊರು ವರ್ಷಗಟ್ಟಲೆ ಅಲ್ಲೇ ಇರುತ್ತದೆ, ಏಕೆಂದರೆ ಅಲ್ಲಿಯೂ ಕಾಡು, ಗುಡ್ಡ, ಕಣಿವೆಗಳೇ. ಹಳೆಯ ಸರ್ವೆ ನಕ್ಷೆಗಳಿಂದ ಅಂಕಿ ತೆಗೆಯುವವರು ಇನ್ನೊಂದನ್ನು ನೆನಪಿಡಬೇಕು. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳು ಎವರೆಸ್ಟ್ ಎಂಬ ಭೂಮಾಪನದ ಮಾನದ ಮೇಲೆ ನಿಂತವು, ಫೋನಿನ ಜಿಪಿಎಸ್ ನಿಂತಿರುವುದು ಡಬ್ಲ್ಯುಜಿಎಸ್ 84 ಎಂಬ ಇನ್ನೊಂದು ಮಾನದ ಮೇಲೆ. ಎರಡರ ನಡುವೆ ನಮ್ಮ ಭಾಗದಲ್ಲಿ ನೂರು ಮೀಟರಿನ ಆಸುಪಾಸು ವ್ಯತ್ಯಾಸ ಬರುತ್ತದೆ. ಊರಿಗೆ ಅದು ಏನೂ ಅಲ್ಲ, ಒಂದು ದೇವಸ್ಥಾನಕ್ಕೋ ಗುಹೆಗೋ ಬಹಳವಾಯಿತು.

ಅಂಕಿ ಸರಿಯಾಯಿತು ಎನ್ನಿ. ಯಾವುದರ ಅಂಕಿ? ಕ್ಯಾಸಲ್‌ರಾಕ್ ಎಂಬ ಒಂದೇ ಹೆಸರಿನಡಿ ಊರಿದೆ, ಸಿಎಲ್‌ಆರ್ ಎಂಬ ಸಂಕೇತದ ನಿಲ್ದಾಣವೂ ಇದೆ. ನಿಲ್ದಾಣಕ್ಕೆ ಅದರದೇ ಆದ ಚರಿತ್ರೆ ಉಂಟು. ಮುರಗಾಂವ್ ಬಂದರಿನಿಂದ ಬಂದ ಪೋರ್ಚುಗೀಸ್ ಕಡೆಯ ರೈಲು ಬ್ರಿಟಿಷ್ ಕಡೆಯ ಸದರ್ನ್ ಮರಾಠಾ ರೈಲನ್ನು ಸಂಧಿಸುತ್ತಿದ್ದದ್ದು ಇಲ್ಲಿ. 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಯಾಗುವ ತನಕ ಇದು ಎರಡು ಆಳ್ವಿಕೆಗಳ ಗಡಿಯ ನಿಲ್ದಾಣವಾಗಿತ್ತು. ಇಲ್ಲಿಂದ ಗೋವೆಯ ಕುಳೆಂವರೆಗಿನ ಬ್ರಗಾಂಜಾ ಘಾಟಿನಲ್ಲಿ 37 ಅಡಿಗೆ ಒಂದು ಅಡಿ ಇಳಿಜಾರು, ಸುಮಾರು 26 ಕಿಲೋಮೀಟರ್ ದಾರಿ. ಊರಿನ ಜನಸಂಖ್ಯೆ, ಶಾಲೆ, ಮಳೆಯ ಮಾತು ಬೇರೆ ಲೇಖನದ್ದು. ಎರಡನ್ನೂ ಒಂದೇ ಪುಟದಲ್ಲಿ ಬರೆದರೆ ಓದುಗನಿಗೆ ತೊಂದರೆಯಿಲ್ಲ. ವಿಕಿಡೇಟಾದಲ್ಲಿ ಮಾತ್ರ ಊರಿಗೊಂದು, ನಿಲ್ದಾಣಕ್ಕೊಂದು ಸಂಖ್ಯೆ ಇರಬೇಕು. ಇಲ್ಲದಿದ್ದರೆ ರೈಲ್ವೆಯ ಮಾಹಿತಿ ಹುಡುಕುವ ತಂತ್ರಾಂಶಕ್ಕೆ ಪಂಚಾಯಿತಿಯ ಅಂಕಿಅಂಶ ಸಿಗುತ್ತದೆ, ಪಂಚಾಯಿತಿಯದನ್ನು ಕೇಳಿದವರಿಗೆ ಪ್ಲಾಟ್‌ಫಾರಂ.

ಚುಕ್ಕೆಯೊಳಗೆ ಹಿಡಿಸದ ಸಂಗತಿಗಳೂ ಈ ಸೀಮೆಯಲ್ಲಿ ಬೇಕಾದಷ್ಟಿವೆ. ಕಾಳಿ ನದಿ ದಿಗ್ಗಿಯ ಬಳಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವಾಗ 184 ಕಿಲೋಮೀಟರ್ ಹರಿದಿರುತ್ತದೆ. ಅದಕ್ಕೆ ಒಂದು ಚುಕ್ಕೆ ಇಡುವುದೆಲ್ಲಿ? ಹುಟ್ಟಿಗೊಂದು, ಅಳಿವೆಗೊಂದು ಸ್ಥಾನ ಕೊಟ್ಟು, ನಡುವಿನ ಗೆರೆಯನ್ನು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿರುವ ನದಿಗೆ ಕೊಂಡಿ ಹಾಕುವುದೇ ಸರಿಯಾದ ದಾರಿ. ಹುಲಿ ಸಂರಕ್ಷಿತ ಪ್ರದೇಶದ ಕಥೆ ಇನ್ನೂ ತೊಡಕಿನದು. ದಾಂಡೇಲಿ ಅಭಯಾರಣ್ಯ ಬೇರೆ, ಅಣಶಿ ರಾಷ್ಟ್ರೀಯ ಉದ್ಯಾನ ಬೇರೆ. ಎರಡೂ ಸೇರಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದೇ ಕಾಳಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಈ ಮೂರನ್ನೂ ಒಂದೇ ಎಂದು ಬೆಸೆದರೆ ತಪ್ಪು. 2015ರ ಮೊದಲಿನ ಹೆಸರನ್ನೂ ಈಗಿನ ಹೆಸರನ್ನೂ ಬೇರೆಬೇರೆ ಎಂದು ಬಗೆದರೂ ತಪ್ಪು. ಕಾಡಿನ ಗಡಿಗೆ ಕಾನೂನಿನ ತೂಕವಿದೆ. ಕ್ಯಾಸಲ್‌ರಾಕ್–ಕುಳೆಂ ಜೋಡಿಹಳಿಯ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋದದ್ದು ಆ ಹಳಿ ಸಂರಕ್ಷಿತ ಕಾಡಿನೊಳಗೆ ಹಾಯುತ್ತದೆ ಎಂಬುದಕ್ಕಾಗಿಯೇ. ಇಂಥಲ್ಲಿ ಅಂದಾಜಿನ ಗೆರೆ ಎಳೆಯುವುದು ಜವಾಬ್ದಾರಿಯ ಕೆಲಸವಲ್ಲ.

ನನ್ನ ಮಟ್ಟಿಗೆ ಈ ಇಡೀ ಪ್ರಶ್ನೆಯ ತಿರುಳು ಇರುವುದು ಸೂಪಾದಲ್ಲಿ. ಕಾಳಿಯೂ ಪಾಂಡ್ರಿಯೂ ಕೂಡುವಲ್ಲಿ ಸೂಪಾ ಎಂಬ ಪೇಟೆ ಇತ್ತು, ತಾಲೂಕಿನ ಕೇಂದ್ರವೂ ಅದೇ. ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು, 1980ರ ದಶಕದಲ್ಲಿ ಪೇಟೆ ನೀರಿನಡಿ ಹೋಯಿತು. ಕಚೇರಿಗಳು ಜೋಯಿಡಾಕ್ಕೆ ಬಂದವು, ಮುಳುಗಡೆಯಾದ ಎಷ್ಟೋ ಕುಟುಂಬಗಳು ರಾಮನಗರಕ್ಕೆ ಬಂದವು. ಆದರೂ 2011ರ ಜನಗಣತಿಯ ಪಟ್ಟಿಯಲ್ಲಿ ತಾಲೂಕಿನ ಹೆಸರು ಸೂಪಾ ಎಂದೇ ಇದೆ. ಆಡುವವರಿಗೆ ಅದು ಜೋಯಿಡಾ. ಬರೆಯುವವರ ಕೈಯಲ್ಲಿ ಜೊಯಿಡಾ, ಜೋಯ್ಡಾ. ಈಗ ಮೂರು ಬೇರೆ ಸಂಗತಿಗಳು ಒಂದಕ್ಕೊಂದು ತೊಡರಿಕೊಂಡಿವೆ: ಮುಳುಗಿದ ಸೂಪಾ ಪೇಟೆ, ಸೂಪಾ ಎಂದೂ ಕರೆಸಿಕೊಳ್ಳುವ ತಾಲೂಕು, ಸೂಪಾ ಜಲಾಶಯ. ಹೆಸರು ನೋಡಿ ಕೊಂಡಿ ಹಾಕುವ ಯಂತ್ರ ತಾಲೂಕಿನ ಲೇಖನವನ್ನು ನೀರಿನ ನಡುವೆ ನಿಲ್ಲಿಸುವುದು ಸಹಜ.

ಮುಳುಗಿದ ಪೇಟೆಗೆ ಚುಕ್ಕೆ ಬೇಡವೇ? ಬೇಕು ಎಂದೇ ನನ್ನ ವಾದ. ಓಪನ್‌ಸ್ಟ್ರೀಟ್‌ಮ್ಯಾಪಿನ ನಿಯಮದಂತೆ ಇವತ್ತು ನೆಲದ ಮೇಲೆ ಇಲ್ಲದ್ದನ್ನು ನಕ್ಷೆಯಲ್ಲಿ ಇಡುವುದಿಲ್ಲ, ಆ ನಿಯಮ ಸರಿಯಾದದ್ದು. ಗತಕಾಲದ ಊರುಗಳಿಗೆಂದೇ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಎಂಬ ಬೇರೆ ನಕ್ಷೆ ಇದೆ. ವಿಕಿಡೇಟಾದಲ್ಲಂತೂ ಊರು ಯಾವಾಗ ಇಲ್ಲವಾಯಿತು, ಯಾಕೆ, ಅದರ ಬದಲಿಗೆ ಯಾವುದು ಬಂತು ಎಂದೆಲ್ಲ ಬರೆಯಲು ಖಾನೆಗಳಿವೆ. ಸೂಪಾದ ಕೇರಿ, ಗುಡಿ, ಸಂತೆಯ ಜಾಗಗಳನ್ನು ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ, ರಾಮನಗರದ ಜಗಲಿಗಳ ಮೇಲೆ ಸಿಗುತ್ತಾರೆ. ಅವರ ಮಾತನ್ನು ಹಳೆಯ ಸರ್ವೆ ಹಾಳೆಯ ಮೇಲೆ ಕೂರಿಸಿಕೊಳ್ಳುವ ಕೆಲಸಕ್ಕೆ ಇನ್ನು ಹೆಚ್ಚು ಕಾಲ ಉಳಿದಿಲ್ಲ.

ಆ ರಾಮನಗರದ ಹೆಸರೂ ಒಂಟಿಯಲ್ಲ. ಬೆಂಗಳೂರಿನ ಪಕ್ಕದ ರಾಮನಗರ ಜಿಲ್ಲಾ ಕೇಂದ್ರವಾದ್ದರಿಂದ ಹುಡುಕಾಟದಲ್ಲಿ ಅದೇ ಮುಂದೆ ಬರುತ್ತದೆ. ಚನ್ನಬಸವಣ್ಣನ ಸಮಾಧಿಯ ಉಳವಿ ಜೋಯಿಡಾ ತಾಲೂಕಿನಲ್ಲಿದೆ, ಸೊರಬ ತಾಲೂಕಿನಲ್ಲೂ ಒಂದು ಉಳವಿ ಇದೆ. ಜಾತ್ರೆಗೆ ಹೊರಟವರನ್ನು ನಕ್ಷೆ ಶಿವಮೊಗ್ಗ ಜಿಲ್ಲೆಗೆ ಕಳಿಸಬಾರದು. ಊರಿನ ಜೊತೆಗೆ ತಾಲೂಕು, ಜಿಲ್ಲೆ ನಮೂದಾಗಿದ್ದರೆ ಈ ಗೊಂದಲ ಹರಿಯುತ್ತದೆ. ದಾಂಡೇಲಿ ಈಗ ತನ್ನದೇ ತಾಲೂಕಿನ ಕೇಂದ್ರ. ಹಳಿಯಾಳ ತಾಲೂಕಿನಲ್ಲಿದೆ ಎಂದು ಹಿಂದೆ ಬರೆದ ಲೇಖನಗಳನ್ನು ತಿದ್ದುವ ಕೆಲಸವೂ ಅದರ ಜೊತೆಗೇ ಬರುತ್ತದೆ.

ಕನ್ನಡ ಲಿಪಿಯ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. 'ಕ್ಯಾಸಲ್‌ರಾಕ್' ಎಂದು ಬರೆಯುವಾಗ 'ಲ್' ಮತ್ತು 'ರಾ' ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಅದಿಲ್ಲದಿದ್ದರೆ ರಕಾರ ಒತ್ತಾಗಿ 'ಕ್ಯಾಸಲ್ರಾಕ್' ಆಗುತ್ತದೆ. ಕೆಲವರು ಎರಡು ಪದ ಮಾಡಿ ನಡುವೆ ಜಾಗ ಬಿಡುತ್ತಾರೆ, ಕೆಲವರು 'ಕ್ಯಾಸಲರಾಕ್' ಎನ್ನುತ್ತಾರೆ. ಓದುವವರಿಗೆ ನಾಲ್ಕೂ ಒಂದೇ, ಅಕ್ಷರಕ್ಕೆ ಅಕ್ಷರ ಹೋಲಿಸುವ ತಂತ್ರಾಂಶಕ್ಕೆ ನಾಲ್ಕೂ ಬೇರೆ. ಯಾವುದೋ ಒಂದೇ ಸರಿ ಎಂದು ಜಗಳ ಕಾಯುವುದರಿಂದ ಪ್ರಯೋಜನವಿಲ್ಲ. ಒಂದನ್ನು ಮುಖ್ಯ ಹೆಸರಾಗಿಸಿ ಉಳಿದವನ್ನು ಪರ್ಯಾಯ ಹೆಸರುಗಳ ಖಾನೆಯಲ್ಲಿ ಬರೆದಿಟ್ಟರೆ ಯಾರು ಹೇಗೆ ಬರೆದು ಹುಡುಕಿದರೂ ಊರು ಸಿಗುತ್ತದೆ.

ಗಡಿಯ ಕಡೆ ಈ ಖಾನೆಗಳಿಗೆ ಇನ್ನೂ ಹೆಚ್ಚಿನ ಬೆಲೆ. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ ಗೋವೆಯಲ್ಲಿ ಮಾಂಡವಿ. ಹೆಸರು ಎರಡು, ನದಿ ಒಂದು, ಸಂಖ್ಯೆಯೂ ಒಂದೇ ಇರಬೇಕು. ಕಾಸರಗೋಡಿನಲ್ಲಿ ನಮ್ಮ ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ ಆಗುತ್ತದೆ. ಅಲ್ಲಿನ ಊರುಗಳ ಕನ್ನಡ ಹೆಸರುಗಳು ಬದಲಾಗುತ್ತಿವೆ ಎಂಬ ಸುದ್ದಿ 2021ರಲ್ಲಿ ಹಬ್ಬಿ, ಕರ್ನಾಟಕದಿಂದ ವಿರೋಧ ಬಂದಾಗ, ಅಂಥ ಪ್ರಸ್ತಾಪವೇ ಇಲ್ಲವೆಂದು ಕೇರಳದ ಕಡೆಯಿಂದ ಉತ್ತರ ಬಂತು. ಫಲಕದ ಮೇಲೆ ಏನೇ ಬರೆಯಲಿ, ಅಲ್ಲಿನ ಕನ್ನಡಿಗರು ಕರೆಯುವ ಹೆಸರನ್ನು ನಕ್ಷೆಯ ಕನ್ನಡದ ಖಾನೆಯಲ್ಲಿ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಮುಂಡಗೋಡಿನ ಟಿಬೆಟನ್ ನೆಲೆಗೂ ಇದೇ ನ್ಯಾಯ. 1966ರಲ್ಲಿ ಆರಂಭವಾದ ಆ ನೆಲೆ ಟಿಬೆಟನ್ನರಿಗೆ ದೋಗುಲಿಂಗ್, ಬಸ್ಸಿನವರಿಗೆ ಕ್ಯಾಂಪಿನ ನಂಬರು. ಎರಡೂ ದಾಖಲಾಗಲಿ.

ಯಂತ್ರಕ್ಕೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಕಣ್ಣೆದುರೇ ಇದೆ. ಸ್ವೀಡನ್ನಿನ ಸ್ವೆರ್ಕರ್ ಯೋಹಾನ್ಸನ್ ಬರೆದ ಎಲ್‌ಎಸ್‌ಜೆಬಾಟ್ ಎಂಬ ತಂತ್ರಾಂಶ ಜಿಯೋನೇಮ್ಸ್ ಎಂಬ ಹೆಸರುಗಳ ಭಂಡಾರವನ್ನು ಇಟ್ಟುಕೊಂಡು ಸ್ವೀಡಿಷ್ ಮತ್ತು ಫಿಲಿಪ್ಪೀನ್ಸಿನ ಸೆಬುವಾನೊ ವಿಕಿಪೀಡಿಯಗಳಲ್ಲಿ ಲಕ್ಷಗಟ್ಟಲೆ ಊರು, ಹೊಳೆ, ಗುಡ್ಡಗಳ ಲೇಖನ ಹೊಸೆಯಿತು. ಭಂಡಾರದಲ್ಲಿದ್ದ ತಪ್ಪುಗಳೂ ಲೇಖನಗಳಾದವು. ಅವು ವಿಕಿಡೇಟಾಕ್ಕೆ ಬಂದಾಗ ಒಂದೇ ಊರಿಗೆ ಎರಡೆರಡು ಸಂಖ್ಯೆ ಬಿದ್ದವು: ಒಂದರಲ್ಲಿ ಲೇಖನವಿದೆ, ಸ್ಥಾನವಿಲ್ಲ, ಇನ್ನೊಂದರಲ್ಲಿ ಸ್ಥಾನವಿದೆ, ಆ ಊರನ್ನು ಕಂಡವರ ಒಂದು ಸಾಲೂ ಇಲ್ಲ. ಅವನ್ನು ಒಂದಾಗಿಸಲು ಇದೂ ಅದೂ ಒಂದೇ ಊರು ಎಂದು ಬಲ್ಲವರೇ ಬೇಕು.

ಸರ್ಕಾರದ ದತ್ತಾಂಶ ಇಲ್ಲಿ ದೊಡ್ಡ ಆಸರೆ. ಜನಗಣತಿಯಲ್ಲಿ ಪ್ರತಿ ಕಂದಾಯ ಗ್ರಾಮಕ್ಕೂ ಸಂಕೇತ ಸಂಖ್ಯೆ ಇದೆ, ಪಂಚಾಯತ್ ರಾಜ್ ಸಚಿವಾಲಯದ ಡೈರೆಕ್ಟರಿಯಲ್ಲಿ ಇನ್ನೊಂದು. ರಾಜ್ಯದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನೇ ಹೇಳುತ್ತದೆ. ನಕ್ಷೆ ತಯಾರಿಕೆಯ ಮೇಲಿದ್ದ ಕಟ್ಟುಪಾಡುಗಳನ್ನು 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬಹುಮಟ್ಟಿಗೆ ಸಡಿಲಿಸಿತು. ಆದರೆ ಜೋಯಿಡಾದಂಥ ತಾಲೂಕಿನಲ್ಲಿ ಕಂದಾಯ ಗ್ರಾಮದ ಲೆಕ್ಕ ಅರ್ಧ ದಾರಿಗೇ ನಿಲ್ಲುತ್ತದೆ. ಇಲ್ಲಿ ಜನ ಇರುವುದು ಮಜರೆಗಳಲ್ಲಿ, ವಾಡಾಗಳಲ್ಲಿ. ನಾಲ್ಕು ಮನೆ ಇಲ್ಲಿ, ಹಳ್ಳ ದಾಟಿ ಆರು ಮನೆ ಅಲ್ಲಿ. ಕುಣಬಿಗಳ ವಾಡಾ ಒಂದು ಕಡೆ, ಗೌಳಿಗಳದು ಇನ್ನೊಂದು ಕಡೆ. ಗ್ರಾಮದ ಗಡಿ ತೆಗೆದುಕೊಂಡು ಅದರ ನಟ್ಟನಡುವೆ ಕಂಪ್ಯೂಟರ್ ಚುಕ್ಕೆ ಇಟ್ಟರೆ ಅಲ್ಲಿ ಮತ್ತಿಯೂ ನಂದಿಯೂ ಬೆಳೆದ ಕಾಡಿರುತ್ತದೆ, ಮನೆ ಇರುವುದಿಲ್ಲ. 108 ಆಂಬುಲೆನ್ಸಿನ ಚಾಲಕನಿಗೆ ಬೇಕಾದದ್ದು ವಾಡಾದ ಹೆಸರು, ಅಲ್ಲಿಗೆ ಗಾಡಿ ಹೋಗುವ ದಾರಿ. ಸಿಗ್ನಲ್ ಸಿಗದ ಊರುಗಳೇ ಹೆಚ್ಚಿರುವ ಸೀಮೆಯಲ್ಲಿ, ಮೊದಲೇ ಇಳಿಸಿಕೊಂಡು ಬಳಸಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಆ್ಯಪ್‌ಗಳು ಅಕ್ಷರಶಃ ಜೀವ ಉಳಿಸಬಲ್ಲವು. ಅದಕ್ಕೆ ಯಾರಾದರೂ ಆ ವಾಡಾವನ್ನು ಅಲ್ಲಿ ಬರೆದಿರಬೇಕು, ಅಷ್ಟೆ. ಕನ್ನಡದಲ್ಲಿ ಬರೆದಿದ್ದರೆ ವಿಕಿಪೀಡಿಯದ ಒಳಗಿನ ನಕ್ಷೆಯೂ ಕನ್ನಡ ಓದುಗನಿಗೆ ಆ ಹೆಸರನ್ನು ಕನ್ನಡದಲ್ಲೇ ತೋರಿಸುತ್ತದೆ.

ಪರವಾನಗಿಯ ವಿಷಯದಲ್ಲಿ ಎಚ್ಚರ ಬೇಕು. ಗೂಗಲ್ ನಕ್ಷೆಯಿಂದ ಹೆಸರು, ಅಂಕಿ ಎತ್ತಿ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಹಾಕುವಂತಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪಿನ ದತ್ತಾಂಶಕ್ಕೆ ಷರತ್ತುಗಳಿವೆ, ವಿಕಿಡೇಟಾದ್ದು ಯಾವ ಷರತ್ತೂ ಇಲ್ಲದ ದಾನ. ಆದ್ದರಿಂದ ಆ ನಕ್ಷೆಯಿಂದ ವಿಕಿಡೇಟಾಕ್ಕೆ ಸಾರಾಸಗಟು ನಕಲು ಮಾಡಬಾರದು. ನಕ್ಷೆಯ ಚುಕ್ಕೆಗೆ ವಿಕಿಡೇಟಾದ ಸಂಖ್ಯೆಯನ್ನು ಅಂಟಿಸಿದರೆ ಸಾಕು, ಇಬ್ಬರ ಸ್ವತ್ತೂ ಅವರವರ ಮನೆಯಲ್ಲೇ ಇದ್ದು ಕೊಂಡಿ ಮಾತ್ರ ಕೂಡುತ್ತದೆ.

ಹಾಗೆಂದು ಎಲ್ಲವನ್ನೂ ನಕ್ಷೆಗೆ ಏರಿಸಬೇಕೇ? ಬೇಡ. ದೂಧಸಾಗರ ಜಲಪಾತದ ಬಳಿಯ ಹಳಿಯ ಮೇಲೆ ಮುಗಿಬಿದ್ದ ಜನಸಂದಣಿಯನ್ನು ಈ ಭಾಗ ಕಂಡಿದೆ. ಮಂಗಟ್ಟೆ ಹಕ್ಕಿಯ ಗೂಡಿನ ಮರ, ಕಾಡೊಳಗಿನ ಗುಹೆ, ಊರವರು ಕಾಪಾಡಿಕೊಂಡು ಬಂದ ದೇವರಕಾಡು ಇವುಗಳ ನಿಖರ ಅಂಕಿಯನ್ನು ಲೋಕಕ್ಕೆ ಸಾರುವ ಹಕ್ಕು ಹೊರಗಿನ ಸಂಪಾದಕನಿಗಿಲ್ಲ. ಅಲ್ಲಿನವರು ಒಪ್ಪಿದರೆ ಹಾಕಿ, ಇಲ್ಲವಾದರೆ ಗ್ರಾಮದ ಹೆಸರು ಹೇಳಿ ನಿಲ್ಲಿಸಿ.

ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡದ ಶಾಲೆ ಕಾಲೇಜುಗಳ ಮೇಷ್ಟ್ರುಗಳಿಗೆ, ಅಂಚೆಯವರಿಗೆ, ಆಶಾ ಕಾರ್ಯಕರ್ತೆಯರಿಗೆ ನನ್ನ ವಿನಂತಿ ಇದು. ನಿಮ್ಮ ಗ್ರಾಮದ ಮಜರೆಗಳ ಹೆಸರು ನಿಮಗೆ ಬಾಯಿಪಾಠ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲೂ ವಿಕಿಡೇಟಾದಲ್ಲೂ ಖಾತೆ ತೆರೆಯಲು ದುಡ್ಡು ಬೇಡ, ಯಾರ ಶಿಫಾರಸೂ ಬೇಡ. ಮೊದಲು ನೀವಿರುವ ವಾಡಾದ ಹೆಸರನ್ನು, ನೀವು ಕರೆಯುವ ಹಾಗೆಯೇ, ಕನ್ನಡದಲ್ಲಿ ಬರೆಯಿರಿ. ಹಿರಿಯರು ಹೇಳುವ ಹಳೆಯ ಹೆಸರಿದ್ದರೆ ಅದನ್ನೂ ಜೊತೆಗೆ ಸೇರಿಸಿ. ಆಮೇಲೆ ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ಊರಿನ ಲೇಖನ ತೆರೆದು ಅದರ ಚುಕ್ಕೆ ಎಲ್ಲಿ ಬಿದ್ದಿದೆ ಎಂದು ನೋಡಿ, ತಪ್ಪಿದ್ದರೆ ತಿದ್ದಿ.